ಬಾವಿಗೆ ಹತ್ತಿರದ ಮರ

ಕೋಡಿಪಾಳ್ಯ, ಅಮ್ಮಸಂದ್ರ ಟಪಾಲು
12 ಜೂನ್ 1978

ಮೊದಲು ಈ ಲಕೋಟೆ ಒಡೆದು ಓದುತ್ತಿರುವ ಹಾಸ್ಟೆಲಿನ ವಾರ್ಡನ್ನಮ್ಮನಿಗೆ: ಕಂಡವರ ಮನೆ ಕಾಗದ ಬಿಚ್ಚುವುದಕ್ಕೂ ಸರ್ಕಾರದವರು ಸಂಬಳ ಕೊಡುತ್ತಾರೆ ಎಂದು ನಾನು ಈ ವಯಸ್ಸಿನಲ್ಲಿ ಕೇಳಿದೆ. ನಾಚಿಕೆಯಿದ್ದರೆ ಇಲ್ಲಿಗೇ ಮಡಿಸಿ ಹುಡುಗಿಗೆ ಕೊಡಿ. ಇಲ್ಲದಿದ್ದರೆ ಪೂರ್ತಿ ಓದಿ. ಇದರಲ್ಲಿ ಹುಡುಗನ ಹೆಸರಿಲ್ಲ, ಸಿನಿಮಾ ಮಾತಿಲ್ಲ, ಬರೀ ಬೈಗುಳ ಇದೆ. ನಿಮ್ಮ ಪಾಲಿನದು ಇಲ್ಲಿಗೆ ಮುಗಿಯಿತು. ಉಳಿದದ್ದು ನನ್ನ ಮೊಮ್ಮಗಳದು.

ಪುಟ್ಟಗಂಗಮ್ಮ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ, ಅಷ್ಟು ಹೊತ್ತಿಗೆ ಮನಸ್ಸು ಬಂದರೆ. ಒಂಬತ್ತು ವರ್ಷದಲ್ಲಿ ಅಜ್ಜಿಗೆ ಒಂದು ಕಾರ್ಡು ಹಾಕಬೇಕೆಂದು ನಿನಗೆ ಅನ್ನಿಸಲಿಲ್ಲ. ಈಗ ದೊಡ್ಡ ಲೆಕ್ಕ ಕಲಿತೆಯಂತೆ. ಅದನ್ನಾದರೂ ನೀನೇ ಬರೆದೆಯಾ? ಇಲ್ಲ, ನಿನ್ನ ಸೋದರಮಾವನ ಬಾಯಲ್ಲಿ ಹೇಳಿ ಕಳಿಸಿದೆ.

ಶುಕ್ರವಾರ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದೆ. ಮರ ಹತ್ತುವ ದುರ್ಗಯ್ಯ ಮೇಲಿದ್ದ. ಕಂದಿಕೆರೆಯಿಂದ ನಿನ್ನ ಆ ಮಾವ ಕೆಂಚಯ್ಯ ಬಂದವನು ನೀರು ಕೇಳಲಿಲ್ಲ, ಕ್ಷೇಮ ಕೇಳಲಿಲ್ಲ. ಮರದ ಬುಡಕ್ಕೆ ಕೈಯಿಟ್ಟುಕೊಂಡು ನಿಂತ.

“ಅತ್ತೆ, ಈ ಮರಕ್ಕೆ ಹತ್ತಿಸ್ಬ್ಯಾಡಿ. ಇದು ನಮ್ದು.”

“ಯಾವಾಗಿಂದಪ್ಪ ನಿಮ್ದು? ಕನಸ್ನಲ್ಲಿ ಬರೆಸ್ಕೊಂಡ್ಯಾ?”

“ಕನಸಲ್ಲ, ಲೆಕ್ಕ. ನಿಮ್ಮ ಮೊಮ್ಮಗಳೇ ಹಾಕವ್ಳೆ. ಹತ್ತು ಮರ ನಮ್ದು. ಒಂಬತ್ತು ವರ್ಷದಿಂದ ಕದ್ಕೊಂಡು ತಿಂದಿದ್ದೀರಿ.”

ಮರದ ಮೇಲಿದ್ದ ದುರ್ಗಯ್ಯ ಕಾಯಿ ಬೀಳಿಸುವುದನ್ನು ನಿಲ್ಲಿಸಿಬಿಟ್ಟ. ಅಂಥ ಮಾತು, ಕೂಲಿಗೆ ಬಂದವನ ಎದುರಿಗೆ! ಈಗ ಅದು ಎಷ್ಟು ಮನೆಯ ಜಗಲಿ ಹತ್ತಿಳಿದಿದೆಯೋ ನನಗೆ ಗೊತ್ತಿಲ್ಲ. ಕಳ್ಳಿ ಎಂದು ಕರೆಸಿಕೊಳ್ಳುವುದಕ್ಕೆ ಅರವತ್ತಾರು ವರ್ಷ ಬದುಕಬೇಕಾಯಿತು.

ಮರೆತಿದ್ದರೆ ನೆನಪು ಮಾಡಿಕೊ. ನಿನ್ನ ತಾತ ಹುಚ್ಚರಂಗಯ್ಯ ಸಾಯುವ ಮುಂಚೆ ತೋಟದ ವಿಷಯಕ್ಕೆ ಬರೆಸಿದ್ದು ಎರಡೇ ಸಾಲು. ಬಾವಿಗೆ ಹತ್ತಿರದ ಮರ ಮಗ ಲಕ್ಷ್ಮಯ್ಯನಿಗೆ. ಗಾಡಿ ದಾರಿಗೆ ಹತ್ತಿರದ ಮರ ಹೆಂಡತಿ ಕೊಲ್ಲಾಪುರಮ್ಮನಿಗೆ. ನನ್ನ ಮಂಡಿ ನೋವು ಅವರಿಗೆ ಗೊತ್ತಿತ್ತು, ಗಾಡಿ ಹತ್ತಿರ ಸಿಗಲಿ ಎಂದು ಹಾಗೆ ಬರೆಸಿದರು. ನಿನ್ನ ಅಪ್ಪ ಇರುವ ತನಕ ಒಂದೇ ಒಲೆ, ಯಾರೂ ಅಳೆಯಲಿಲ್ಲ. ಅವನನ್ನು ಬಾವಿಯ ಮೋಟಾರಿನ ಕರೆಂಟು ಹೊಡೆದ ವರ್ಷ ನಿನ್ನ ಅಮ್ಮ ಭೂತಮ್ಮ ನಿನ್ನ ಕೈ ಹಿಡಿದುಕೊಂಡು ತವರು ಸೇರಿದಳು. ಆಗ ಪಾಲು ಬೇರೆ ಮಾಡಲೇಬೇಕಾಯಿತು.

ನಾನೇ ಮಾಡಿದೆ, ನ್ಯಾಯವಾಗಿ ಮಾಡಿದೆ. ತೋಟದ ಬಡಗಲ ಬೇಲಿಯ ನಡುಮಧ್ಯೆ ಬಾವಿ, ತೆಂಕಲಿಗೆ ದಾರಿ. ಬಾವಿಯ ಸಾಲಿನಿಂದ ಹಿಡಿದು ಎಂಟು ಸಾಲು ಮರ. ಬಾವಿಯ ಎರಡು ಪಕ್ಕಕ್ಕೂ ಏಳೇಳು ಮರ. ಮರದಿಂದ ಮರಕ್ಕೆ ಹದಿನೆಂಟು ಮೊಳ, ಕೊನೆಯ ಸಾಲಿನಿಂದ ದಾರಿಗೂ ಅಷ್ಟೇ. ಒಂದೊಂದು ಮರದಿಂದಲೂ ಸಾಲು ಹಿಡಿದು ಬಾವಿಗೆ ಎಷ್ಟು ಮರದ ದೂರ, ನೆಟ್ಟಗೆ ಇಳಿದರೆ ದಾರಿಗೆ ಎಷ್ಟು ಮರದ ದೂರ ಎಂದು ಎಣಿಸಿದೆ. ಬಾವಿಗೆ ಕಡಿಮೆ ಬಂದರೆ ನಿಮಗೆ, ದಾರಿಗೆ ಕಡಿಮೆ ಬಂದರೆ ನನಗೆ. ಎರಡೂ ಸಮ ಬಂದರೆ ದೊಡ್ಡವರಿಗೆ, ಅಂದರೆ ನನಗೆ. ನನ್ನ ಮರಕ್ಕೆಲ್ಲ ಸುಣ್ಣದ ಪಟ್ಟೆ ಬಳಿದೆ. ಈ ತಾಲ್ಲೂಕಿನಲ್ಲಿ ಯಾರೂ ತೋಟವನ್ನು ಬೇರೆ ರೀತಿ ಎಣಿಸುವುದಿಲ್ಲ.

ನಿನ್ನ ಲೆಕ್ಕ ಏನೆಂದು ನೀನೇ ಬರೆ. ಮಾವನ ಬೆನ್ನ ಹಿಂದೆ ನಿಂತು ಕಲ್ಲು ಹೊಡೆಯಬೇಡ.

ಆಶೀರ್ವಾದ ಬರೆಯಲು ಮನಸ್ಸು ಬರಲಿಲ್ಲ.

ನಿನ್ನ ತಾತನ ಹೆಂಡತಿ,
ಕೊಲ್ಲಾಪುರಮ್ಮ


ತುಮಕೂರು
24 ಜೂನ್ 1978

ಅಜ್ಜಿಯವರಿಗೆ,

ನಿಮ್ಮ ಪತ್ರ ತಲುಪಿತು. ವಾರ್ಡನ್ ಅವರು ಮೊದಲ ಭಾಗವನ್ನು ನನ್ನ ಎದುರಿಗೇ ಎರಡು ಸಲ ಓದಿದರು. ಈ ತಿಂಗಳು ನನಗೆ ಊರಿಗೆ ಹೋಗಲು ರಜೆ ಇಲ್ಲ.

ಲೆಕ್ಕ ಕೇಳಿದ್ದೀರಿ, ಬರೆದಿದ್ದೇನೆ. ಒಂದು ಬಿಂದುವಿಗೂ ಒಂದು ನೇರ ಗೆರೆಗೂ ಸಮ ದೂರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ. ಅದಕ್ಕೆ ಪರವಲಯ ಎನ್ನುತ್ತಾರೆ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ನನಗೆ ನಮ್ಮ ತೋಟ ಕಂಡಿತು. ಬಾವಿ ಬಿಂದು, ಗಾಡಿ ದಾರಿ ಗೆರೆ. ತಾತ ಬರೆಸಿದ್ದು ಇದನ್ನೇ.

ಬಾವಿಯಿಂದ ಪಕ್ಕಕ್ಕೆ ಎಷ್ಟು ಮರ ಸರಿದಿದ್ದೇವೆ ಎಂಬುದು x. ದಾರಿಯ ಕಡೆಗೆ ಎಷ್ಟು ಸಾಲು ಇಳಿದಿದ್ದೇವೆ ಎಂಬುದು y. ಬಾವಿಯಿಂದ ದಾರಿಗೆ ಎಂಟು ಅಂತರ. ಹಾಗಾದರೆ ಆ ಮರದಿಂದ ದಾರಿಗೆ 8 − y. ಬಾವಿಗೆ ನೇರವಾಗಿ ಹಗ್ಗ ಹಿಡಿದರೆ √(x² + y²). ಎರಡೂ ಸಮ ಎಂದರೆ:

√(x² + y²) = 8 − y
x² + y² = 64 − 16y + y²
x² = 16(4 − y)

ಇದು ಎರಡು ಪಾಲಿನ ನಡುವಿನ ಗೆರೆ. x² ಇದಕ್ಕಿಂತ ಕಡಿಮೆ ಬಂದರೆ ಮರ ಬಾವಿಯದು, ಅಂದರೆ ನಮ್ಮದು. ಹೆಚ್ಚು ಬಂದರೆ ನಿಮ್ಮದು.

ಒಂದು ಮರ ಹಿಡಿದು ನೋಡಿ. ಬಾವಿಯಿಂದ ಮೂರು ಸಾಲು ಇಳಿದು, ಮೂಡಲಿಗೆ ಮೂರನೆಯ ಮರ. ಅಲ್ಲಿಂದ ದಾರಿಗೆ ಐದು ಅಂತರ. ಸಾಲು ಹಿಡಿದು ಬಾವಿಗೆ ನಡೆದರೆ ಆರು, ಆದ್ದರಿಂದ ನೀವು ಸುಣ್ಣ ಬಳಿದಿರಿ. ಹಗ್ಗ ಹಿಡಿದರೆ ಬಾವಿಗೆ ಇರುವುದು ನಾಲ್ಕೂ ಕಾಲು ಮಾತ್ರ. ಮರ ನಮ್ಮದು. ಇಂಥವು ಹತ್ತಿವೆ. ನೀವು ನಮಗೆ ಬಿಟ್ಟದ್ದು ಮೂವತ್ತೈದು ಮರ, ಬರಬೇಕಾದದ್ದು ನಲವತ್ತೈದು. ನಿಮ್ಮ ಸುಣ್ಣದ ಗೆರೆ ನೇಗಿಲ ಗುಳದಂತೆ ಚೂಪಾಗಿದೆ. ಅದು ಬಾಗಬೇಕಿತ್ತು.

ಇತಿ,
ಪುಟ್ಟಗಂಗಮ್ಮ


ಕೋಡಿಪಾಳ್ಯ
8 ಜುಲೈ 1978

ಪುಟ್ಟಗಂಗಮ್ಮ,

“ಅಜ್ಜಿಯವರಿಗೆ” ಅಂತೆ. “ನೀವು” ಅಂತೆ. ನಾನೇನು ತಹಸೀಲ್ದಾರರ ಕಚೇರಿಯಾ, ನೀನೇನು ಅರ್ಜಿ ಹಾಕುತ್ತಿದ್ದೀಯಾ? ಎಂಟು ವರ್ಷದ ತನಕ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡವಳು. ಬೈಯಬೇಕು ಅನ್ನಿಸಿದರೆ ಏಕವಚನದಲ್ಲಿ ಬೈಯಿ, ಹೊಟ್ಟೆಗೆ ಹತ್ತುತ್ತದೆ.

ನಿನ್ನ ಲೆಕ್ಕ ನೋಡಿದೆ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಮಳೆ ಬಂದರೆ ಬಿಡುತ್ತಿದ್ದ ಶಾಲೆ. ಅದಕ್ಕೇ ಮೇಷ್ಟ್ರು ವೀರಭದ್ರಯ್ಯನವರನ್ನು ಕರೆಸಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದು ಕಾಫಿ ಮುಗಿಯುವ ತನಕ ನೋಡಿದರು.

“ಲೆಕ್ಕ ಸರಿಯಾಗೇ ಐತೆ ಕಣಮ್ಮ. ಹುಡುಗಿ ಚುರುಕು.”

“ಚುರುಕು ಅನ್ನೋಕೆ ನಿಮ್ಮನ್ನ ಕರೆಸ್ಲಿಲ್ಲ ಮೇಷ್ಟ್ರೇ. ತಪ್ಪು ಎಲ್ಲೈತೆ ತೋರ್ಸಿ.”

“ತಪ್ಪಿದ್ರಲ್ವಾ ತೋರ್ಸೋದು?”

ಎರಡನೇ ಲೋಟ ಕೊಡದೆ ಕಳಿಸಿದೆ.

ತಪ್ಪು ಎಲ್ಲಿದೆ ಎಂದು ಆಮೇಲೆ ನಾನೇ ಕಂಡುಹಿಡಿದೆ. ನಿನ್ನ ಎರಡನೇ ಸಾಲಿನಲ್ಲಿ ವೈ ಮೇಲೆ ಎರಡು ಹಾಕಿದ್ದು ಈ ಕಡೆಯೂ ಇತ್ತು, ಆ ಕಡೆಯೂ ಇತ್ತು. ಮೂರನೇ ಸಾಲಿಗೆ ಬರುವಾಗ ಅದು ಎಲ್ಲೂ ಇಲ್ಲ. ಎರಡು ಕಡೆಗೂ ಸಮ ಇದೆ ಎಂದು ಹೊಡೆದು ಹಾಕಿದಳು ಎಂದು ಮೇಷ್ಟ್ರು ಹೇಳಿದರು. ಎರಡು ಕಡೆಗೂ ಸೇರಿದವರನ್ನು ಹೊಡೆದು ಹಾಕುವುದು ನಿಮ್ಮ ಕಾಲೇಜಿನ ಪದ್ಧತಿಯಾ?

ಇರಲಿ, ಅದನ್ನು ಬಿಡು. ನೇರವಾಗಿ ಹಗ್ಗ ಹಿಡಿಯಬೇಕು ಎಂದು ನಿನಗೆ ಹೇಳಿದವರು ಯಾರು? ನಿನ್ನ ತಾತ ಹತ್ತಿರ ಎಂದಾಗ ಕಾಲಿಗೆ ಹತ್ತಿರ ಎಂದರು. ಸಾಲಿನ ಮಧ್ಯೆ ನೀರಿನ ಕಾಲುವೆ, ಒಂದೊಂದು ಮರದ ಬುಡಕ್ಕೂ ಪಾತಿ. ಬುದ್ಧಿಯಿರುವವರು ಯಾರಾದರೂ ಪಾತಿ ತುಳಿದುಕೊಂಡು ಓರೆಯಾಗಿ ನಡೆಯುತ್ತಾರಾ? ಸಾಲು ಹಿಡಿದು ಹೋಗುತ್ತಾರೆ, ಸಾಲು ಹಿಡಿದು ಬರುತ್ತಾರೆ. ನಾನು ಹಕ್ಕಿಯಾಗಿದ್ದರೆ ಹಾರಿಕೊಂಡು ಅಳೆಯುತ್ತಿದ್ದೆ. ಕಾಲಿರುವವಳು, ನಡೆದು ಅಳೆದೆ. ನಿನ್ನ ಮರ ಕಾಗದದ ಮೇಲೆ ನಿಂತಿದೆ, ಅದಕ್ಕೆ ಬೇರೂ ಇಲ್ಲ, ಪಾತಿಯೂ ಇಲ್ಲ.

ಇನ್ನೊಂದು ಮಾತು. ನನ್ನ ಗೆರೆ ಚೂಪು ಎಂದೆಯಲ್ಲ, ಆ ಗೆರೆ ಎಳೆಯಬೇಕಾಗಿ ಬಂದದ್ದು ಯಾರಿಂದ? ನಿನ್ನ ಅಮ್ಮ ಅವತ್ತು ನನ್ನ ಮಗನನ್ನು ಮೋಟಾರು ಹಾಕಲು ಕಳಿಸದಿದ್ದರೆ ಪಾಲೂ ಇರುತ್ತಿರಲಿಲ್ಲ, ಸುಣ್ಣವೂ ಇರುತ್ತಿರಲಿಲ್ಲ. ಅದಕ್ಕೆ ನಿನ್ನ ಹತ್ತಿರ ಲೆಕ್ಕವಿದ್ದರೆ ಬರೆ.

ನಾನು ಕದ್ದಿಲ್ಲ. ಹತ್ತು ಮರದಲ್ಲಿ ಒಂದನ್ನೂ ಬಿಡುವುದಿಲ್ಲ.

ಕೊಲ್ಲಾಪುರಮ್ಮ


ಕೋಡಿಪಾಳ್ಯ
6 ಆಗಸ್ಟ್ 1978

ಪುಟ್ಟಗಂಗಮ್ಮ,

ನನ್ನ ಕಾಗದಕ್ಕೆ ಉತ್ತರವಿಲ್ಲ. ಒಳ್ಳೆಯದು. ಬಾಯಿ ಮುಚ್ಚಿಕೊಳ್ಳುವುದನ್ನು ನಿನ್ನ ಅಮ್ಮನಿಂದ ಕಲಿತಿದ್ದೀಯೆ. ಅವಳು ಮುಚ್ಚಿದ ಬಾಯಿ ನನ್ನನ್ನು ಬೈದಷ್ಟು ಇನ್ಯಾರ ತೆರೆದ ಬಾಯಿಯೂ ಬೈದಿಲ್ಲ.

ನಿನ್ನ ಬದಲು ನಿನ್ನ ಮಾವ ಬಂದ. ಮೊನ್ನೆ ಶುಕ್ರವಾರ ಮತ್ತೆ ಕಾಯಿ ಕೀಳುವ ದಿನ. ನಾನು ದಾರಿಯ ಅಂಚಿನಲ್ಲಿ, ಪಡುವಲ ಮೂಲೆಯಲ್ಲಿ ಕೂತು ಕಾಯಿ ರಾಶಿ ಮಾಡಿಸುತ್ತಿದ್ದೆ. ಕೈಯಲ್ಲಿ ಮಚ್ಚಿತ್ತು, ಕಾಯಿ ಗೊನೆ ಕಡಿಯುವುದಕ್ಕೆ. ತಲೆಯೆತ್ತಿ ನೋಡಿದರೆ ಕೆಂಚಯ್ಯ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಬಾವಿಯ ಹತ್ತಿರ ನಿಂತಿದ್ದಾನೆ. ಮೋಟಾರಿನ ಪಕ್ಕದ ಕಲ್ಲುಕಂಬಕ್ಕೆ ಹಗ್ಗದ ತುದಿ ಕಟ್ಟುತ್ತಿದ್ದಾನೆ. ಆ ಕಂಬಕ್ಕೆ. ನನ್ನ ಮಗನನ್ನು ಯಾವ ಕಂಬದ ಬುಡದಿಂದ ಎತ್ತಿಕೊಂಡು ಬಂದರೋ ಆ ಕಂಬಕ್ಕೆ.

ಹೇಗೆ ಎದ್ದೆನೋ, ಹೇಗೆ ಹೋದೆನೋ ನೆನಪಿಲ್ಲ. ಹೋಗಿ ಹಗ್ಗ ಕಡಿದೆ.

“ಏನತ್ತೆ, ತಲೆ ಕೆಟ್ಟೈತಾ? ಹೊಸಾ ಹಗ್ಗ!”

“ಈ ಕಂಬ ಮುಟ್ಟಿದ್ರೆ ಮುಂದಿನ ಸಲ ಹಗ್ಗ ಕಡಿಯಲ್ಲ ಕೆಂಚಯ್ಯ.”

“ಅಳ್ದ್ರೆ ಬಂಡವಾಳ ಬಯಲಾಯ್ತದೆ ಅಂತ ಭಯ ನಿಮ್ಗೆ. ಕೋರ್ಟಿಗೆ ಹೋಯ್ತೀನಿ, ನೋಡ್ತಾ ಇರಿ.”

“ಹೋಗು. ಹೋಗೋವಾಗ ನಿನ್ನ ಮೋಟು ಹಗ್ಗಾನೂ ತಗಂಡ್ಹೋಗು.”

ಅವನು ಹೋದ. ನಾನು ಅಲ್ಲೇ ಮರಕ್ಕೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದೆ. ಆಗ ದುರ್ಗಯ್ಯ ಮೇಲಿನಿಂದ ಬಾಯಿ ಹಾಕಿದ. ಮರ ಹತ್ತುವವರಿಗೆ ಬೇಡವಾದದ್ದೆಲ್ಲ ಕಾಣುತ್ತದೆ.

“ಅಮ್ಮಾ, ಸಾಲು ಹಿಡ್ಕಂಡು ಬರ್ಲಿಲ್ವಲ್ಲ ನೀವು. ಓರೆಗೇ ಬಂದ್ಬುಟ್ರಿ.”

“ನೀನು ಕಾಯಿ ಕೀಳೋಕೆ ಬಂದಿದ್ದೀಯೋ, ನನ್ನ ಹೆಜ್ಜೆ ಕಾಯೋಕೆ ಬಂದಿದ್ದೀಯೋ?”

“ನಾನ್ಯಾಕೆ ಕಾಯ್ಲಿ? ದಾರಿ ಅಲ್ಲೇ ಐತಲ್ಲಮ್ಮ. ನೀವು ಕೊಡ ಹೊತ್ಕಂಡು ತುಳಿದದ್ದು. ಮ್ಯಾಲಿಂದ ನೋಡುದ್ರೆ ಬೈತಲೆ ತಗ್ದಂಗೆ ಕಾಣ್ತದೆ.”

ಸುಮ್ಮನೆ ಕೀಳು ಎಂದು ಗದರಿಸಿದೆ. ಅವನು ಬೇರೆ ಮರಕ್ಕೆ ಹೋದ ಮೇಲೆ ಬಗ್ಗಿ ನೋಡಿದೆ. ಗರಿಕೆ ಬೆಳೆದಿದೆ, ಒಂಬತ್ತು ವರ್ಷದಿಂದ ಆ ಕಡೆ ನಾನು ಕಾಲಿಟ್ಟಿಲ್ಲ. ಆದರೂ ಇದೆ. ಪಡುವಲ ಮೂಲೆಯಿಂದ ಬಾವಿಗೆ, ಪಾತಿಗಳ ಮಗ್ಗುಲಲ್ಲೇ ಜಾರಿಕೊಂಡು, ಸಾಲುಗಳನ್ನೆಲ್ಲ ಕತ್ತರಿಸಿಕೊಂಡು, ಓರೆಯಾಗಿ. ಮದುವೆಯಾಗಿ ಬಂದ ವರ್ಷದಿಂದ ನಿನ್ನ ಅಪ್ಪ ಹೋದ ವರ್ಷದ ತನಕ ದಿನಕ್ಕೆ ಆರು ಕೊಡ.

ಇದನ್ನು ನಿನಗೆ ಬರೆಯಲೇಬೇಕು ಎಂದೇನೂ ಇರಲಿಲ್ಲ. ಬರೆದಿದ್ದೇನೆ. ಗೆದ್ದೆ ಎಂದು ಕುಣಿಯಬೇಡ. ನಡೆದದ್ದು ಬೇರೆ, ಅಳೆಯುವುದು ಬೇರೆ. ನಿನ್ನ ಮಾವ ಇನ್ನೊಂದು ಸಲ ಆ ಕಂಬದ ಹತ್ತಿರ ಬಂದರೆ ನಾನು ಜೈಲಿಗೆ ಹೋಗುವವಳು. ಅದನ್ನು ಅವನಿಗೆ ಹೇಳು.

ಕೊಲ್ಲಾಪುರಮ್ಮ


ಕಂದಿಕೆರೆ
21 ಆಗಸ್ಟ್ 1978

ಅಜ್ಜಿಯವರಿಗೆ,

ರಜೆಗೆ ಬಂದಿದ್ದೇನೆ. ಮಾವ ಕಡಿದ ಹಗ್ಗವನ್ನು ತಂದು ಅಂಗಳದಲ್ಲಿ ಎಸೆದರು. ಅಮ್ಮ ಅದನ್ನು ಎತ್ತಿ, ಕಡಿದ ತುದಿಯನ್ನು ನೋಡಿ, “ಒಂದೇ ಏಟಿಗೆ ಕಡಿದವ್ರೆ, ಅತ್ತೆಗೆ ಇನ್ನೂ ಕೈಯಲ್ಲಿ ಶಕ್ತಿ ಐತೆ” ಎಂದಳು. ಅದಕ್ಕೆ ಮಾವ ಅವಳ ಮೇಲೂ ಕೂಗಾಡಿದರು.

ಕದ್ದರು ಎಂಬ ಮಾತು ನಾನು ಬರೆದದ್ದಲ್ಲ. ತಪ್ಪು ಎಣಿಸಿದ್ದಾರೆ ಎಂದು ಬರೆದಿದ್ದೆ. ಮಾವ ಹಾಗೆ ಅಂದರೆಂದು ಗೊತ್ತಾದ ಮೇಲೂ ನಾನು ಬೇಡ ಎನ್ನಲಿಲ್ಲ. ನನಗೆ ಅದು ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ.

ಕೋರ್ಟಿನ ಮಾತಿಗೆ ಮುಂಚೆ ನನ್ನ ಲೆಕ್ಕವನ್ನು ಮತ್ತೊಮ್ಮೆ ಒಂದೊಂದೇ ಮರಕ್ಕೆ ಹಾಕಿ ನೋಡಿದೆ. ಹತ್ತು ಮರದಲ್ಲಿ ಬದಲಾವಣೆ ಇಲ್ಲ. ಆದರೆ ನಾನು ನಿಮ್ಮ ಪಾಲಿಗೆ ಸುಮ್ಮನೆ ಸೇರಿಸಿದ್ದ ಮೂರು ಮರ ಸರಿಯಾಗಿ ಗೆರೆಯ ಮೇಲೇ ಬರುತ್ತವೆ. ಬಾವಿಯಿಂದ ನೆಟ್ಟಗೆ ನಾಲ್ಕು ಸಾಲು ಇಳಿದರೆ ಸಿಗುವುದು ಒಂದು: ಬಾವಿಗೂ ನಾಲ್ಕು, ದಾರಿಗೂ ನಾಲ್ಕು. ಮೂರು ಸಾಲು ಇಳಿದು ಮೂಡಲಿಗೆ ನಾಲ್ಕನೆಯದು, ಪಡುವಲಿಗೆ ನಾಲ್ಕನೆಯದು: ಹಗ್ಗ ಹಿಡಿದರೆ ಬಾವಿಗೆ ಐದು, ದಾರಿಗೂ ಐದು. ಇವು ಬಾವಿಗೂ ಹತ್ತಿರವಲ್ಲ, ದಾರಿಗೂ ಹತ್ತಿರವಲ್ಲ. ತಾತನ ಪತ್ರದಲ್ಲಿ ಇವುಗಳಿಗೆ ಮಾತಿಲ್ಲ. ಸಮ ಬಂದದ್ದು ದೊಡ್ಡವರಿಗೆ ಎಂಬುದು ನಿಮ್ಮ ಕಾನೂನು. ಮಾವನ ಕಾನೂನಿನಲ್ಲಿ ಅವು ನಮ್ಮವು. ನನ್ನ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಕೊನೆಯದಾಗಿ. ಜುಲೈ ಕಾಗದದಲ್ಲಿ ಅಮ್ಮನ ಬಗ್ಗೆ ಬರೆದಿದ್ದಿರಿ. ಅಪ್ಪನ ಹನ್ನೊಂದನೇ ದಿನ ಊರಿನವರೆಲ್ಲರ ಎದುರಿಗೆ ಅಂದದ್ದೂ ಅದನ್ನೇ. ಅಮ್ಮ ಅವತ್ತು ಬಾಯಿ ಬಿಡಲಿಲ್ಲ, ಈವತ್ತಿನ ತನಕ ಬಿಟ್ಟಿಲ್ಲ. ಅಪ್ಪ ಹೋದ ದಿನ ಬೆಳಿಗ್ಗೆ ಅಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಜಗಲಿಯ ಮೇಲೆ ಕೂತಿದ್ದೆ. “ಸಸಿ ಬಾಡ್ತಾವೆ ಕಣ್ಲಾ ಲಕ್ಷ್ಮ, ಮೋಟಾರ್ ಹಾಕ್ಬಾ ಹೋಗು” ಅಂದ ದನಿ ಅಮ್ಮನದಲ್ಲ.

ಅಜ್ಜಿ, ಅದು ನಿನ್ನದು.

ಪುಟ್ಟಗಂಗಮ್ಮ


ಕೋಡಿಪಾಳ್ಯ
12 ಸೆಪ್ಟೆಂಬರ್ 1978

ಪುಟ್ಟಗಂಗಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಗುತ್ತ ಬಂತು. ಸುಳ್ಳು ಎಂದು ಬರೆಯೋಣವೆಂದು ಎರಡು ಸಲ ಕೂತೆ. ಎರಡು ಸಲವೂ ಎದ್ದೆ.

ಹೋದ ಸೋಮವಾರ ದುರ್ಗಯ್ಯನನ್ನು ಕರೆಸಿದೆ. ಕೀಳುವ ದಿನವಲ್ಲದ ದಿನ ಯಾಕೆ ಕರೆದಿರಿ ಎಂದು ಕೇಳಿದ. ನಿನ್ನ ಬಾಯಿಗೆ ಕೆಲಸ ಕಡಿಮೆಯಾಗಿದೆ, ಕೈಗಾದರೂ ಕೊಡೋಣ ಎಂದೆ. ನೀರು ಸೇದುವ ಹಗ್ಗ, ಗಾಡಿಯ ಹಗ್ಗ, ಎಮ್ಮೆ ಕಟ್ಟುವ ಕಣ್ಣಿ, ಎಲ್ಲ ಸೇರಿಸಿ ಗಂಟು ಹಾಕಿದೆವು. ಕಂಬಕ್ಕೆ ತುದಿಯನ್ನು ಅವನು ಕಟ್ಟಲು ಹೋದ. ಬೇಡ ಎಂದು ನಾನೇ ಕಟ್ಟಿದೆ. ಕಟ್ಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗಂಟು ಕಷ್ಟದ್ದು ಎಂದು ದುರ್ಗಯ್ಯ ತಿಳಿದುಕೊಂಡ. ತಿಳಿದುಕೊಳ್ಳಲಿ.

ಆಮೇಲೆ ಒಂದೊಂದು ಮರವೂ. ಕಂಬದಿಂದ ಮರದ ತನಕ ಹಗ್ಗ ಬಿಗಿಯಾಗಿ ಹಿಡಿದು ಗುರುತು ಮಾಡುವುದು. ಅಷ್ಟೇ ಉದ್ದದ ಹಗ್ಗವನ್ನು ಮರದಿಂದ ದಾರಿಯ ಕಡೆಗೆ ನೆಟ್ಟಗೆ ಎಳೆಯುವುದು. ದಾರಿ ಮುಟ್ಟದೆ ಮೊಟಕಾದರೆ ಮರ ಬಾವಿಯದು. ದಾರಿ ದಾಟಿ ಮಿಕ್ಕಿದರೆ ಮರ ದಾರಿಯದು. ಇಷ್ಟು ಸುಲಭದ ಮಾತನ್ನು ಎಕ್ಸು ವೈ ಹಾಕಿ ಮೂರು ಸಾಲು ಬರೆದಿದ್ದೀಯಲ್ಲ, ನಿನಗೆ ಕಲಿಸಿದವರು ಯಾವತ್ತಾದರೂ ಹಗ್ಗ ಮುಟ್ಟಿದ್ದಾರಾ ಎಂದು ಕೇಳು.

ಬೆಳಿಗ್ಗೆ ಶುರು ಮಾಡಿ ದನ ಮನೆಗೆ ಬರುವ ಹೊತ್ತಾಯಿತು. ಮಂಡಿ ಈಗ ಕೆಸುವಿನ ಗೆಡ್ಡೆಯ ಹಾಗೆ ಊದಿದೆ. ಹತ್ತು ಮರ ಬಾವಿಯವು. ನೀನು ಬರೆದ ಹತ್ತೇ. ಹನ್ನೊಂದಾಗಲಿಲ್ಲ, ಒಂಬತ್ತಾಗಲಿಲ್ಲ. ಅವುಗಳ ಮೇಲಿದ್ದ ಸುಣ್ಣವನ್ನು ತೆಂಗಿನ ನಾರು ಹಿಡಿದು ನಾನೇ ಉಜ್ಜಿ ತೆಗೆದೆ. ಉಳಿದ ಸುಣ್ಣವನ್ನು ದೂರ ನಿಂತು ನೋಡಿದರೆ ಗೆರೆ ಮೊರದ ಅಂಚಿನ ಹಾಗೆ ಬಾಗಿದೆ, ಬಾವಿ ಮೊರದ ಒಳಗಿದೆ. ಚೆನ್ನಾಗಿಯೇ ಕಾಣುತ್ತದೆ ಎಂದು ದುರ್ಗಯ್ಯ ಅಂದ.

ಈಗ ನನ್ನ ಮಾತು ಕೇಳು. ಒಂಬತ್ತು ವರ್ಷ ಆ ಮರಗಳ ಕಾಯಿ ತಿಂದೆ, ಕೊಬ್ಬರಿ ಮಾಡಿದೆ. ಅದು ವಾಪಸು ಬರುವುದಿಲ್ಲ, ಕೇಳಬೇಡ. ಮುಂದಿನ ಕೀಳಿನಿಂದ ಮರ ನಿಮ್ಮವು. ತಪ್ಪು ಎಣಿಸಿದೆ ಎಂದು ದುರ್ಗಯ್ಯನ ಎದುರಿಗೆ ಬಾಯಿ ಬಿಟ್ಟು ಹೇಳಿದ್ದೇನೆ. ಅವನಿಗೆ ಹೇಳಿದರೆ ಏಳು ಹಳ್ಳಿಗೆ ಹೇಳಿದಂತೆ. ಕದ್ದೆ ಎಂಬ ಮಾತನ್ನು ನಿನ್ನ ಮಾವ ಅದೇ ದುರ್ಗಯ್ಯನ ಎದುರಿಗೆ ನುಂಗಬೇಕು. ನುಂಗಲಿಲ್ಲವೋ, ಅವನು ನನ್ನ ತೋಟದ ದಾರಿ ತುಳಿಯಬಾರದು. ನಿನಗೂ ಆ ಮಾತು ಹಿತವಾಗಿತ್ತು ಎಂದೆಯಲ್ಲ. ಅದನ್ನು ನಾನು ಮರೆಯುವುದಿಲ್ಲ. ಬರೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನೀನು ನಮ್ಮ ಮನೆಯವಳೇ ಅಲ್ಲ ಅಂದುಕೊಳ್ಳುತ್ತಿದ್ದೆ.

ಮೂರು ಮರ ಉಳಿದವು, ಅವುಗಳ ಹಳೆಯ ಸುಣ್ಣವನ್ನೂ ಉಜ್ಜಿ ತೆಗೆದಿದ್ದೆ. ನಡುವಿನದೂ ಪಡುವಲಿನದೂ ಸರಿಸಮ. ಮೂಡಲ ಮರದಲ್ಲಿ ಒಂದು ಗೇಣು ನನ್ನ ಕಡೆಗೆ ಬಂತು. ಅದು ನಿಮ್ದೇ ಅಮ್ಮಾ, ಮತ್ತೆ ಬಳೀರಿ ಸುಣ್ಣ ಎಂದ ದುರ್ಗಯ್ಯ. ಮರದ ದಪ್ಪವೇ ಎರಡು ಗೇಣಿದೆ, ಒಂದು ಗೇಣಿಗೆ ಸುಣ್ಣ ಬಳಿಯುವಷ್ಟು ಚಿಲ್ಲರೆಯವಳು ನಾನಲ್ಲ. ಮೂರಕ್ಕೂ ಸುಣ್ಣ ಇಲ್ಲ. ಸಮ ಬಂದದ್ದು ದೊಡ್ಡವರಿಗೆ ಎಂದು ಅವತ್ತು ನಾನೇ ಹೇಳಿದೆ, ನಾನೇ ತೀರ್ಪು ಕೊಟ್ಟೆ, ನಾನೇ ತಿಂದೆ. ಆಗ ಎದುರು ನಿಂತು ಕೇಳುವವರು ಯಾರೂ ಇರಲಿಲ್ಲ, ಎಲ್ಲರನ್ನೂ ನಾನೇ ಓಡಿಸಿದ್ದೆ.

ನೀನು ಕೊನೆಯಲ್ಲಿ ಬರೆದದ್ದಕ್ಕೆ ಈ ಕಾಗದದಲ್ಲಿ ಉತ್ತರವಿಲ್ಲ. ಉತ್ತರ ಇಲ್ಲ ಎಂದಲ್ಲ. ಹನ್ನೊಂದನೇ ದಿನ ಊರಿನ ಎದುರಿಗೆ ಅಂದದ್ದನ್ನು ಟಪಾಲಿನವನ ಚೀಲದಲ್ಲಿ ಹಾಕಿ ವಾಪಸು ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ. ಭೂತಮ್ಮ ಎದುರಿಗೆ ನಿಂತಿರಬೇಕು.

ಅಕ್ಟೋಬರ್ ಆರನೇ ತಾರೀಕು ಕಾಯಿ ಕೀಳುವ ದಿನ. ಆ ಮೂರು ಮರಕ್ಕೆ ನಾನೊಬ್ಬಳೇ ನಿಂತು ಯಾರನ್ನೂ ಹತ್ತಿಸುವುದಿಲ್ಲ. ನಾನಿಲ್ಲದೆ ನೀವೂ ಹತ್ತಿಸಬಾರದು. ನೀನೂ ನಿನ್ನ ಅಮ್ಮನೂ ಬುಡದಲ್ಲಿ ಬಂದು ನಿಂತರೆ ಕಾಯಿ ಇಳಿಯುತ್ತದೆ. ನಿಲ್ಲದಿದ್ದರೆ ಅಲ್ಲೇ ಒಣಗಲಿ, ಉದುರಲಿ, ಹೆಗ್ಗಣ ತಿನ್ನಲಿ. ಬಂದರೆ ನಾನು ಮಾತಾಡಿಸುತ್ತೇನೆ ಎಂದೇನೂ ಭರವಸೆ ಕೊಡುವುದಿಲ್ಲ. ಅಡಿಗೆ ಮಾಡಿಟ್ಟಿರುತ್ತೇನೆ.

ಇಬ್ಬರು ಬರುತ್ತೀರೋ, ಒಬ್ಬಳೇ ಬರುತ್ತೀಯೋ, ಯಾರೂ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ನನ್ನ ಕೈಗೆ ಉತ್ತರ ಬರಬೇಕು. ಅಕ್ಕಿ ಎಷ್ಟು ಹಾಕಬೇಕೆಂದು ಗೊತ್ತಾಗಬೇಕಲ್ಲ.

ಕೊಲ್ಲಾಪುರಮ್ಮ